ಹೊಂಗೆ ಎಣ್ಣೆ ಡೀಸೆಲ್ ಎಂಜಿನ್ನಿಗೆ ಒಗ್ಗುವುದೇ?

ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳಾದ ಜಯನಗರ, ಜೆ. ಪಿ. ನಗರ, ಬನಶಂಕರಿಗಳ ರಸ್ತೆ ಬದಿಯಲ್ಲಿ ಹೊಂಗೆಯ ಮರ ಸರ್ವೇಸಾಮಾನ್ಯ. 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆಯಾಗುವ ಮೊದಲು ಈ ಪ್ರದೇಶದಲ್ಲಿ ಹೊಲ, ತೋಟ, ಕೆರೆಗಳೇ ಇದ್ದವು. ಬಿ.ಟಿ.ಎಂ. ಬಡಾವಣೆಯ ಹೆಸರಿನಲ್ಲಿಯೇ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಅಡಗಿವೆ. ಹೊಲದ ಬದು, ಕೆರೆಯ ಏರಿ, ಗಾಡಿ ದಾರಿಗಳಲ್ಲಿ ಬೆಳೆಯುತ್ತಿದ್ದ ಹೊಂಗೆ ಊರು ನಗರವಾದ ಮೇಲೂ ಮರೆಯಾಗಲಿಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳುತನದಲ್ಲಿ ಬೆಂಗಳೂರಿನಲ್ಲಿ ಲಕ್ಷಾಂತರ ಸಸಿಗಳನ್ನು ನೆಟ್ಟಾಗ ಆಯ್ದುಕೊಂಡ ಮರಗಳಲ್ಲಿ ಹೊಂಗೆಯೂ ಒಂದು.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಈ ಮರಗಳ ಕೆಳಗೆ ಒಣಗಿದ ಕಾಯಿ ಉದುರುತ್ತದೆ. ವಾಹನಗಳ ಗಾಲಿಗೆ ಸಿಕ್ಕಿ ನುಗ್ಗಾಗುತ್ತದೆ. ಉಳಿದದ್ದು ತರಗೆಲೆಯೊಡನೆ ಕಸದ ಗಾಡಿ ಸೇರುತ್ತದೆ. ಪಟ್ಟಣದ ಮಾತು ಹಾಗಿರಲಿ, ಹಳ್ಳಿಗಳಲ್ಲಿಯೂ ಬದುವಿನ ಹೊಂಗೆಯ ಕಾಯಿಯನ್ನು ಆರಿಸುವವರಿಲ್ಲದೆ ಮಣ್ಣುಪಾಲಾಗುವುದು ಹೊಸದೇನಲ್ಲ. ಡೀಸೆಲ್ ಬೆಲೆ ಏರಿದಾಗಲೆಲ್ಲ ರೈತರ ಮನಸ್ಸಿನಲ್ಲಿ ಒಂದು ಪ್ರಶ್ನೆ ಮೂಡುತ್ತದೆ. ದೀಪಕ್ಕೆ ಉರಿಯುವ ಹೊಂಗೆ ಎಣ್ಣೆ ಪಂಪ್‌ಸೆಟ್ಟಿಗೆ ಏಕೆ ಉರಿಯಬಾರದು? ಗಾಣದಿಂದ ತಂದ ಎಣ್ಣೆಯನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಆಗದೇ?

ಆಗುತ್ತದೆ, ಆದರೆ ಸುರಿಯಬಾರದು ಎಂಬುದೇ ಇದಕ್ಕೆ ಉತ್ತರ. ಹೊಂಗೆ ಎಣ್ಣೆ ಒಳ್ಳೆಯ ಇಂಧನ. ಆದರೆ ಅದು ಡೀಸೆಲ್ ಅಲ್ಲ. ಇವೆರಡರ ನಡುವಿನ ವ್ಯತ್ಯಾಸ ತಿಳಿಯದೆ ಎಂಜಿನ್ ಕೆಡಿಸಿಕೊಂಡರೆ ಡೀಸೆಲಿನಲ್ಲಿ ಉಳಿಸಿದ ಹಣದ ಹಲವು ಪಟ್ಟು ದುರಸ್ತಿಗೆ ಖರ್ಚಾಗುತ್ತದೆ. ವ್ಯತ್ಯಾಸ ತಿಳಿದವರಿಗೆ ಮಾತ್ರ ಹೊಂಗೆಯಿಂದ ಲಾಭವಿದೆ.

ಹೈಡ್ರೋಕಾರ್ಬನ್ ಎಂದರೇನು?

ಭೂಮಿಯ ಆಳದಿಂದ ದೊರೆಯುವ ಕಚ್ಚಾ ತೈಲದಲ್ಲಿ ಮುಖ್ಯವಾಗಿ ಇರುವುದು ಎರಡೇ ಮೂಲವಸ್ತುಗಳು: ಇಂಗಾಲ ಮತ್ತು ಜಲಜನಕ. ಇವೆರಡು ಸೇರಿ ಆದ ಸಂಯುಕ್ತ ವಸ್ತುಗಳನ್ನು ಹೈಡ್ರೋಕಾರ್ಬನ್ ಎಂದು ಕರೆಯುತ್ತಾರೆ. ಇಂಗಾಲದ ಪರಮಾಣುಗಳು ಸರದ ಮಣಿಗಳಂತೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಪ್ರತಿ ಮಣಿಯ ಸುತ್ತ ಜಲಜನಕ ಅಂಟಿಕೊಂಡಿರುತ್ತದೆ. ಸರ ಎಷ್ಟು ಉದ್ದವೋ ಇಂಧನ ಅಷ್ಟು ಭಾರ.

ಒಂದೇ ಇಂಗಾಲವಿರುವುದು ಮೀಥೇನ್. ಗೋಬರ್ ಗ್ಯಾಸಿನಲ್ಲಿ ಉರಿಯುವ ಭಾಗ ಇದೇ. ಮೂರು ಮತ್ತು ನಾಲ್ಕು ಇಂಗಾಲದ ಅನಿಲಗಳು ಸೇರಿ ಅಡಿಗೆಯ ಸಿಲಿಂಡರಿನ ಗ್ಯಾಸ್ ಆಗುತ್ತದೆ. 5ರಿಂದ 12 ಇಂಗಾಲದವು ಪೆಟ್ರೋಲ್. ಸುಮಾರು 10ರಿಂದ 16ರವರೆಗಿನವು ಸೀಮೆಎಣ್ಣೆ. ಸುಮಾರು 12ರಿಂದ 20ರವರೆಗಿನವು ಡೀಸೆಲ್. ಇನ್ನೂ ಉದ್ದವಾದವು ಕೀಲೆಣ್ಣೆ, ಕೊನೆಗೆ ರಸ್ತೆಗೆ ಹಾಕುವ ಡಾಂಬರು. ಕಚ್ಚಾ ತೈಲವನ್ನು ಕಾಯಿಸಿ, ಬೇರೆ ಬೇರೆ ಶಾಖದಲ್ಲಿ ಆವಿಯಾಗುವ ಭಾಗಗಳನ್ನು ಬೇರೆ ಬೇರೆಯಾಗಿ ತಣಿಸಿ ಹಿಡಿಯುವುದೇ ಸಂಸ್ಕರಣಾಗಾರದ ಮೂಲ ಕೆಲಸ. ಡೀಸೆಲಿನ ಭಾಗ ಸುಮಾರು 180ರಿಂದ 360 ಡಿಗ್ರಿ ಸೆಲ್ಷಿಯಸ್ ನಡುವೆ ಆವಿಯಾಗುತ್ತದೆ.

ನಮ್ಮ ರಾಜ್ಯದಲ್ಲಿ ಈ ಕೆಲಸ ಮಂಗಳೂರಿನ ಸಂಸ್ಕರಣಾಗಾರದಲ್ಲಿ ನಡೆಯುತ್ತದೆ. ಅಲ್ಲಿಂದ ಹಾಸನದ ಮೂಲಕ ಬೆಂಗಳೂರಿಗೆ ಸುಮಾರು 360 ಕಿ.ಮೀ. ಉದ್ದದ ಕೊಳವೆ ಮಾರ್ಗವಿದೆ. ಆದರೆ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಭಾಗ ಹೊರದೇಶಗಳಿಂದಲೇ ಬರಬೇಕು. ಎಲ್ಲೋ ನಡೆಯುವ ಯುದ್ಧ ಇಲ್ಲಿನ ರೈತನ ಉಳುಮೆಯ ಖರ್ಚನ್ನು ಏರಿಸುವುದು ಇದರಿಂದಲೇ.

ಡೀಸೆಲ್ ಎಂಜಿನ್ ಕೆಲಸ ಮಾಡುವ ಬಗೆ

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಲು ಪ್ಲಗ್ ಇರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅದಿಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ ಬಲವಾಗಿ ಒತ್ತಿದಾಗ ಗಾಳಿಯೇ 500 ಡಿಗ್ರಿಗೂ ಮೇಲೆ ಬಿಸಿಯಾಗುತ್ತದೆ. ಆ ಗಳಿಗೆಗೆ ಸರಿಯಾಗಿ ನಾಜಲಿನ ಕೂದಲೆಳೆಯಂಥ ರಂಧ್ರಗಳಿಂದ ಡೀಸೆಲ್ ಮಂಜಿನಂತೆ ಚಿಮ್ಮುತ್ತದೆ. ಹನಿ ಎಷ್ಟು ಸಣ್ಣದೋ ಅಷ್ಟು ಬೇಗ ಆವಿಯಾಗಿ ಪೂರ್ತಿ ಉರಿಯುತ್ತದೆ. ಹನಿ ದಪ್ಪನಾದರೆ ಹೊರಭಾಗ ಮಾತ್ರ ಉರಿದು ಒಳಭಾಗ ಇದ್ದಿಲಾಗಿ ಉಳಿಯುತ್ತದೆ. ಔಷಧಿ ಸಿಂಪಡಿಸುವ ಪಂಪಿಗೆ ನೀರಿನ ಬದಲು ಬೆಲ್ಲದ ಪಾಕ ತುಂಬಿದರೆ ಏನಾಗುವುದೋ ಇಲ್ಲಿಯೂ ಹಾಗೆಯೇ. ಆದ್ದರಿಂದ ಡೀಸೆಲ್ ಎಂಜಿನ್ನಿನ ಇಂಧನಕ್ಕೆ ಶಾಖ ಕೊಡುವ ಶಕ್ತಿಯಿದ್ದರೆ ಸಾಲದು, ಅದು ತೆಳ್ಳಗೆ ಹರಿಯಲೂ ಬೇಕು.

ಹೊಂಗೆ ಎಣ್ಣೆಯ ರಚನೆ

ಹೊಂಗೆ ಬೀಜದಲ್ಲಿ ಸಾಮಾನ್ಯವಾಗಿ ಶೇಕಡಾ 27ರಿಂದ 39ರಷ್ಟು ಎಣ್ಣೆ ಇರುತ್ತದೆ. ಕಡಲೆಕಾಯಿ, ಎಳ್ಳು, ಕೊಬ್ಬರಿಗಳ ಎಣ್ಣೆಯಂತೆ ಇದೂ ಕೊಬ್ಬಿನಾಮ್ಲಗಳಿಂದ ಆದದ್ದು. ಇದರ ರಚನೆಯನ್ನು ಮೂರು ತಾಳಿನ ಕೂರಿಗೆಗೆ ಹೋಲಿಸಬಹುದು. ಮೇಲಿನ ದಿಂಡು ಗ್ಲಿಸರಿನ್. ಅದಕ್ಕೆ ಜೋಡಿಸಿದ ಮೂರು ತಾಳುಗಳು ಮೂರು ಕೊಬ್ಬಿನಾಮ್ಲಗಳು. ಒಂದೊಂದು ತಾಳೂ ಹೆಚ್ಚಾಗಿ 16, 18 ಅಥವಾ ಇನ್ನೂ ಹೆಚ್ಚು ಇಂಗಾಲದ ಸರ. ಅಂದರೆ ಒಂದು ತಾಳು ಬಿಡಿಯಾಗಿದ್ದರೆ ಅದು ಹೆಚ್ಚು ಕಡಿಮೆ ಡೀಸೆಲಿನ ಸರದಷ್ಟೇ ಉದ್ದ. ಮೂರೂ ಒಂದೇ ದಿಂಡಿಗೆ ಬಿಗಿದಿರುವುದರಿಂದ ಇಡೀ ಕೂರಿಗೆ ಡೀಸೆಲಿನ ಮೂರು ಪಟ್ಟು ದೊಡ್ಡದಾಗುತ್ತದೆ. ಜೊತೆಗೆ ಇದರಲ್ಲಿ ಆಮ್ಲಜನಕವೂ ಸೇರಿದೆ. ಹಾಗಾಗಿ ಹೊಂಗೆ ಎಣ್ಣೆಯನ್ನು ಕಟ್ಟುನಿಟ್ಟಾಗಿ ಹೈಡ್ರೋಕಾರ್ಬನ್ ಎನ್ನುವಂತಿಲ್ಲ. ಅದರ ಹತ್ತಿರದ ನೆಂಟ ಎನ್ನಬಹುದು.

ಡೀಸೆಲ್, ಹೊಂಗೆ ಎಣ್ಣೆ ಮತ್ತು ಹೊಂಗೆ ಎಣ್ಣೆಯಿಂದ ತಯಾರಿಸಿದ ಬಯೋಡೀಸೆಲ್, ಈ ಮೂರರ ಮುಖ್ಯ ಗುಣಗಳನ್ನು ಕೆಳಗೆ ಕೊಟ್ಟಿದೆ.

1. ಮಂದತೆ (40 ಡಿಗ್ರಿ ಸೆಲ್ಷಿಯಸ್ ಶಾಖದಲ್ಲಿ, ಸೆಂಟಿಸ್ಟೋಕ್): ಡೀಸೆಲ್ 2ರಿಂದ 4.5, ಹೊಂಗೆ ಎಣ್ಣೆ ಸುಮಾರು 40, ಬಯೋಡೀಸೆಲ್ 4ರಿಂದ 6.

2. ಒಂದು ಲೀಟರಿನ ತೂಕ: ಡೀಸೆಲ್ 820ರಿಂದ 845 ಗ್ರಾಂ, ಹೊಂಗೆ ಎಣ್ಣೆ 910ರಿಂದ 930 ಗ್ರಾಂ, ಬಯೋಡೀಸೆಲ್ 860ರಿಂದ 900 ಗ್ರಾಂ.

3. ಒಂದು ಕಿ.ಗ್ರಾಂ. ಉರಿದಾಗ ಬರುವ ಶಾಖ: ಡೀಸೆಲ್ ಸುಮಾರು 10,000 ಕಿಲೋ ಕ್ಯಾಲೊರಿ, ಹೊಂಗೆ ಎಣ್ಣೆ ಸುಮಾರು 8,600, ಬಯೋಡೀಸೆಲ್ ಸುಮಾರು 9,000.

4. ಆವಿಗೆ ಬೆಂಕಿ ಹತ್ತುವ ಶಾಖ: ಡೀಸೆಲ್ 35 ಡಿಗ್ರಿಗಿಂತ ಮೇಲೆ, ಹೊಂಗೆ ಎಣ್ಣೆ 200 ಡಿಗ್ರಿಗಿಂತ ಮೇಲೆ, ಬಯೋಡೀಸೆಲ್ 100 ಡಿಗ್ರಿಗಿಂತ ಮೇಲೆ.

ಶಾಖದ ಲೆಕ್ಕದಲ್ಲಿ ಹೊಂಗೆ ಎಣ್ಣೆ ಡೀಸೆಲಿಗಿಂತ ಬಹಳ ಹಿಂದೆ ಬಿದ್ದಿಲ್ಲ. ಸುಲಭವಾಗಿ ಬೆಂಕಿ ಹತ್ತದಿರುವುದರಿಂದ ಮನೆಯಲ್ಲಿ ಕೂಡಿಡಲು ಡೀಸೆಲಿಗಿಂತ ಕ್ಷೇಮ. ತೊಡಕಿರುವುದು ಮೊದಲನೆಯ ಸಾಲಿನಲ್ಲಿ. ಹೊಂಗೆ ಎಣ್ಣೆ ಡೀಸೆಲಿಗಿಂತ ಹತ್ತು ಪಟ್ಟಿನಷ್ಟು ಮಂದ.

ಎಣ್ಣೆಯನ್ನು ಹಾಗೆಯೇ ಬಳಸಿದರೆ ಆಗುವುದೇನು?

ಗಾಣದ ಎಣ್ಣೆಯನ್ನು ಸೋಸಿ ಟ್ಯಾಂಕಿಗೆ ಹಾಕಿದರೆ, ಬಿಸಿಯಾದ ಎಂಜಿನ್ ಮೊದಲ ದಿನ ಚೆನ್ನಾಗಿಯೇ ಓಡುತ್ತದೆ. ರೈತರು ಮೋಸ ಹೋಗುವುದು ಇಲ್ಲಿಯೇ. ಕೆಡುಕು ನಿಧಾನವಾಗಿ, ಹತ್ತಾರು, ನೂರಾರು ಗಂಟೆಗಳ ಓಟದಲ್ಲಿ ಸೇರುತ್ತಾ ಹೋಗುತ್ತದೆ.

ಮೊದಲು ನಾಜಲಿನ ತುದಿಯಲ್ಲಿ ಇದ್ದಿಲು ಕಟ್ಟಿ ಸಿಂಪರಣೆ ಕೆಡುತ್ತದೆ. ಹೊಗೆ ಹೆಚ್ಚುತ್ತದೆ, ಎಳೆತ ತಗ್ಗುತ್ತದೆ. ಆಮೇಲೆ ಪಿಸ್ಟನ್ ರಿಂಗುಗಳು ಮಡ್ಡಿ ಹಿಡಿದು ತಮ್ಮ ಗಾಡಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಉರಿಯದ ಎಣ್ಣೆ ರಿಂಗುಗಳ ಸಂದಿಯಿಂದ ಕೆಳಗಿಳಿದು ಕೀಲೆಣ್ಣೆಯೊಡನೆ ಬೆರೆಯುತ್ತದೆ. ಶಾಖ ಮತ್ತು ಗಾಳಿಯ ಸಂಪರ್ಕದಿಂದ ಅದು ಕ್ರಮೇಣ ಗಟ್ಟಿಯಾಗಿ ಅಂಟಿನಂತಾಗುತ್ತದೆ. ಕೀಲೆಣ್ಣೆ ಹರಿಯದಿದ್ದರೆ ಬೇರಿಂಗ್ ಉಳಿಯುವುದಿಲ್ಲ. ಆ ವೇಳೆಗೆ ಎಂಜಿನ್ನನ್ನು ಪೂರ್ತಿ ಬಿಚ್ಚದೆ ಬೇರೆ ದಾರಿ ಇರುವುದಿಲ್ಲ.

ನಿಧಾನವಾಗಿ ತಿರುಗುವ ಹಳೆಯ ಭಾರಿ ಎಂಜಿನ್ನುಗಳು ಇದನ್ನು ಸ್ವಲ್ಪ ಮಟ್ಟಿಗೆ ತಾಳಿಕೊಳ್ಳುತ್ತವೆ. ಇಂದಿನ ಟ್ರ್ಯಾಕ್ಟರ್, ಟಿಲ್ಲರ್ ಮತ್ತು ಕಾರುಗಳ ಎಂಜಿನ್ ತಾಳುವುದಿಲ್ಲ. ಅವುಗಳ ಪಂಪು, ನಾಜಲುಗಳ ಬಿಗಿತ ಬಹಳ ಸೂಕ್ಷ್ಮ.

ಸಂಶೋಧನೆ ನಡೆದು ಬಂದ ದಾರಿ

ಸಸ್ಯದ ಎಣ್ಣೆಯಿಂದ ಎಂಜಿನ್ ಓಡಿಸುವ ಯೋಚನೆ ಡೀಸೆಲ್ ಎಂಜಿನ್ನಿನಷ್ಟೇ ಹಳೆಯದು. ರುಡಾಲ್ಫ್ ಡೀಸೆಲ್ ಅವರ ಎಂಜಿನ್ 1897ರಲ್ಲಿ ಯಶಸ್ವಿಯಾಗಿ ಓಡಿತು. 1900ರ ಪ್ಯಾರಿಸ್ ವಸ್ತು ಪ್ರದರ್ಶನದಲ್ಲಿ ಅಂಥ ಒಂದು ಚಿಕ್ಕ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಲಾಯಿತು. ಮುಂದೆ ಭೂಗರ್ಭದ ತೈಲ ಅಗ್ಗವಾಗಿ ಸಿಗತೊಡಗಿದ್ದರಿಂದ ಸಸ್ಯದ ಎಣ್ಣೆ ಹಿಂದೆ ಸರಿಯಿತು. 1937ರಲ್ಲಿ ಬೆಲ್ಜಿಯಂ ದೇಶದ ಷಾವಾನ್ ಎಂಬ ವಿಜ್ಞಾನಿ ತಾಳೆ ಎಣ್ಣೆಯನ್ನು ಮದ್ಯಸಾರದೊಡನೆ ವರ್ತಿಸುವಂತೆ ಮಾಡಿ ತೆಳುವಾದ ಇಂಧನ ಪಡೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇಂದಿನ ಬಯೋಡೀಸೆಲಿಗೆ ಇದೇ ಬುನಾದಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಡೀಸೆಲಿಗೆ ಅಭಾವವಾದಾಗ ಭಾರತದಲ್ಲಿಯೂ ಹೊಂಗೆ ಸೇರಿ ಹಲವು ಎಣ್ಣೆಗಳನ್ನು ಎಂಜಿನ್ನಿನಲ್ಲಿ ಪರೀಕ್ಷಿಸಲಾಗಿತ್ತು.

ಕರ್ನಾಟಕದಲ್ಲಿ ಈ ವಿಷಯಕ್ಕೆ ಮತ್ತೆ ಜೀವ ಬಂದದ್ದು 1990ರ ದಶಕದ ಕೊನೆಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ಓಡಿಸುವ ಪ್ರಯೋಗ ಕೈಗೊಂಡರು. ಕಗ್ಗನಹಳ್ಳಿ ಮುಂತಾದ ಗ್ರಾಮಗಳಲ್ಲಿ ಹೊಂಗೆ ಎಣ್ಣೆಯ ಜನರೇಟರಿನಿಂದ ವಿದ್ಯುತ್ ಪಡೆದು ಕೊಳವೆ ಬಾವಿಯ ನೀರನ್ನು ಹೊಲಗಳಿಗೆ ಕೊಡಲಾಯಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಲ್ಲಿ ಓಡಿದ್ದು ಒಂದೇ ಕಡೆ ನಿಂತು, ಒಂದೇ ವೇಗದಲ್ಲಿ, ತಿಳಿದವರ ಕಣ್ಣ ಮುಂದೆ ನಡೆಯುವ ಎಂಜಿನ್. ಅದನ್ನು ಕಂಡು, ಹೊಲದಲ್ಲಿ ನಿಂತು ನಿಂತು ಓಡುವ ಟ್ರ್ಯಾಕ್ಟರಿಗೂ ಅದೇ ಎಣ್ಣೆ ಹಾಕಬಹುದೆಂದು ತಿಳಿಯುವುದು ತಪ್ಪು.

ಅನಂತರ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕ್ ಸ್ಥಾಪಿಸಿತು. ಹೊಂಗೆ, ಬೇವು, ಹಿಪ್ಪೆ, ಸೀಮರೂಬ ಮುಂತಾದ ಎಣ್ಣೆ ಮರಗಳ ಸಸಿ ಬೆಳೆಸುವುದು, ಎಣ್ಣೆ ತೆಗೆಯುವುದು, ಬಯೋಡೀಸೆಲ್ ತಯಾರಿಕೆ ಎಲ್ಲವನ್ನೂ ರೈತರಿಗೆ ಒಂದೇ ಕಡೆ ತೋರಿಸುವುದು ಇದರ ಉದ್ದೇಶ. 2009ರಲ್ಲಿ ರಾಜ್ಯವು ತನ್ನ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು. ಬಳಿಕ ರಾಜ್ಯ ಜೈವಿಕ ಇಂಧನ ಅಭಿವೃದ್ಧಿ ಮಂಡಳಿ ಆರಂಭವಾಯಿತು. ಬೀಳು ನೆಲದಲ್ಲಿ, ಬದುಗಳಲ್ಲಿ ಎಣ್ಣೆ ಮರ ನೆಡುವ ಕಾರ್ಯಕ್ರಮಗಳು ನಡೆದವು.

ಇದೇ ಕಾಲದಲ್ಲಿ ದೇಶದಾದ್ಯಂತ ಪ್ರಚಾರ ಪಡೆದದ್ದು ಜತ್ರೋಪ, ಅಂದರೆ ಕಾಡು ಹರಳು. ನೀರು ಗೊಬ್ಬರವಿಲ್ಲದೆ ಬಂಜರಿನಲ್ಲಿ ಹೇರಳ ಇಳುವರಿ ಬರುವುದೆಂದು ನಂಬಿ ನೆಟ್ಟವರಿಗೆ ನಿರಾಶೆಯೇ ಹೆಚ್ಚಾಗಿ ಸಿಕ್ಕಿತು. ನೀರು ಗೊಬ್ಬರವಿಲ್ಲದ ನೆಲದಲ್ಲಿ ಗಿಡ ಬದುಕಬಹುದು, ಆದರೆ ಹೇರಳ ಬೀಜ ಕೊಡಲಾರದು. 2009ರ ರಾಷ್ಟ್ರೀಯ ನೀತಿ 2017ರ ವೇಳೆಗೆ ಜೈವಿಕ ಇಂಧನದ ಮಿಶ್ರಣ ಶೇಕಡಾ 20 ಮುಟ್ಟಬೇಕೆಂದು ಹೇಳಿತ್ತು. ಡೀಸೆಲಿನ ವಿಷಯದಲ್ಲಿ ಅದು ಕೈಗೂಡಲಿಲ್ಲ. 2018ರ ನೀತಿಯಲ್ಲಿ ಬಯೋಡೀಸೆಲಿನ ಗುರಿಯನ್ನು 2030ಕ್ಕೆ ಶೇಕಡಾ 5 ಎಂದು ಇಳಿಸಲಾಯಿತು. ಎಣ್ಣೆ ಮರದ ವಿಷಯದಲ್ಲಿ ದೊಡ್ಡ ಮಾತಿಗೆ ಮರುಳಾಗಬಾರದೆಂಬುದಕ್ಕೆ ಇದು ಪಾಠ. ಹೊಂಗೆ ನಮ್ಮ ನೆಲದ ಮರ, ಸೊಪ್ಪು ಗೊಬ್ಬರಕ್ಕೂ ಆಗುವ ಮರ. ಎಣ್ಣೆಗೆ ಬೆಲೆ ಬಾರದ ವರ್ಷದಲ್ಲಿಯೂ ಅದನ್ನು ನೆಟ್ಟವನಿಗೆ ನಷ್ಟವಿಲ್ಲ.

ಬಯೋಡೀಸೆಲ್ ತಯಾರಿಕೆ

ಕೂರಿಗೆಯ ದಿಂಡಿನಿಂದ ಮೂರು ತಾಳುಗಳನ್ನೂ ಬಿಚ್ಚಿ ಬೇರೆ ಮಾಡುವುದೇ ಬಯೋಡೀಸೆಲ್ ತಯಾರಿಕೆಯ ಗುಟ್ಟು. ಬಿಚ್ಚುವ ಕೆಲಸವನ್ನು ಮೆಥನಾಲ್ ಎಂಬ ಮದ್ಯಸಾರ ಮಾಡುತ್ತದೆ. ಸಾಮಾನ್ಯವಾಗಿ 100 ಲೀಟರ್ ಎಣ್ಣೆಗೆ ಸುಮಾರು 20 ಲೀಟರ್ ಮೆಥನಾಲ್, ಕೆಲಸ ಚುರುಕುಗೊಳಿಸಲು ಎಣ್ಣೆಯ ತೂಕದ ಶೇಕಡಾ ಒಂದರಷ್ಟು ಕಾಸ್ಟಿಕ್ ಸೋಡಾ ಅಥವಾ ಕಾಸ್ಟಿಕ್ ಪೊಟ್ಯಾಷ್ ಬೇಕು. ಸುಮಾರು 60 ಡಿಗ್ರಿ ಶಾಖದಲ್ಲಿ ಒಂದೆರಡು ಗಂಟೆ ಕಲಕಿ ತಿಳಿಯಾಗಲು ಬಿಟ್ಟರೆ ಭಾರವಾದ ಗ್ಲಿಸರಿನ್ ತಳಕ್ಕಿಳಿಯುತ್ತದೆ. ಮೇಲೆ ನಿಂತದ್ದನ್ನು ಬೇರೆ ಮಾಡಿ, ಬಿಸಿನೀರಿನಿಂದ ತೊಳೆದು, ನೀರಿನಂಶ ಹೋಗುವಂತೆ ಕಾಯಿಸಿದರೆ ಬಯೋಡೀಸೆಲ್ ಸಿದ್ಧ. ಇದರ ಮಂದತೆ ಡೀಸೆಲಿನ ಸಮೀಪಕ್ಕೆ ಬಂದಿರುತ್ತದೆ. ಗ್ಲಿಸರಿನ್ ಸಾಬೂನು ತಯಾರಿಕೆಗೆ ಬರುತ್ತದೆ.

ಓದುವಾಗ ಇದು ಸುಲಭವೆನಿಸಬಹುದು. ಆದರೆ ಮೆಥನಾಲ್ ಕಡು ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗುತ್ತದೆ, ಪ್ರಾಣಕ್ಕೂ ಅಪಾಯ. ಅದರ ಆವಿಗೆ ಬೇಗನೆ ಬೆಂಕಿ ಹತ್ತುತ್ತದೆ. ಬೆಂಕಿಯ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಆದ್ದರಿಂದ ಮನೆಯ ಹಿತ್ತಲಲ್ಲಿ, ಕೊಟ್ಟಿಗೆಯಲ್ಲಿ ಬಯೋಡೀಸೆಲ್ ತಯಾರಿಸುವ ಪ್ರಯತ್ನ ಎಂದಿಗೂ ಸಲ್ಲದು. ಇದು ತರಬೇತಿ ಪಡೆದವರು, ಸರಿಯಾದ ಯಂತ್ರಗಳೊಡನೆ, ಅನುಮತಿ ಪಡೆದ ಸ್ಥಳದಲ್ಲಿ ಮಾಡಬೇಕಾದ ಕೆಲಸ. ರೈತನ ಪಾಲಿನ ಕೆಲಸ ಇದಕ್ಕಿಂತ ಹಿಂದಿನದು: ಒಳ್ಳೆಯ ಬೀಜ ಒದಗಿಸುವುದು.

ಲಾಭ ನಷ್ಟ ನಿರ್ಧಾರವಾಗುವುದು ಕಣದಲ್ಲಿ

ಬೀಜ ತೇವವಿದ್ದರೆ, ಬೂಸ್ಟು ಹಿಡಿದರೆ ಕೂರಿಗೆಯ ತಾಳುಗಳು ತಾವಾಗಿಯೇ ಕಳಚಿಕೊಳ್ಳತೊಡಗುತ್ತವೆ. ಹೀಗೆ ಕಳಚಿದವನ್ನು ಬಿಡಿ ಕೊಬ್ಬಿನಾಮ್ಲ ಎನ್ನುತ್ತಾರೆ. ಎಣ್ಣೆಯಲ್ಲಿ ಇದು ಶೇಕಡಾ ಎರಡನ್ನು ಮೀರಿದರೆ ಕಾಸ್ಟಿಕ್ ಸೋಡಾ ಅದರೊಡನೆ ಸೇರಿ ಸಾಬೂನಾಗಿ, ಬಯೋಡೀಸೆಲೂ ಗ್ಲಿಸರಿನ್ನೂ ಬೇರೆಯಾಗದೆ ಗೋಜಲಾಗುತ್ತದೆ. ಅಂಥ ಎಣ್ಣೆಯನ್ನು ಮೊದಲು ಗಂಧಕಾಮ್ಲ ಮತ್ತು ಮೆಥನಾಲಿನಿಂದ ಉಪಚರಿಸಿ ಆಮೇಲೆ ಮುಂದಿನ ಕೆಲಸಕ್ಕೆ ತೊಡಗಬೇಕು. ಖರ್ಚು ಹೆಚ್ಚುತ್ತದೆ, ಆ ಖರ್ಚನ್ನು ಕೊಳ್ಳುವವನು ರೈತನ ಬೀಜದ ಬೆಲೆಯಲ್ಲಿಯೇ ಮುರಿದುಕೊಳ್ಳುತ್ತಾನೆ.

ಜಯನಗರದ ರಸ್ತೆಯ ಕಾಯಿಗೂ ಹೊಲದ ಬದುವಿನ ಕಾಯಿಗೂ ಇರುವ ವ್ಯತ್ಯಾಸ ಇದೇ. ಡಾಂಬರಿನ ಮೇಲೆ ಜಜ್ಜಿಹೋಗಿ ಮಳೆಯಲ್ಲಿ ನೆನೆದ ಬೀಜದ ಎಣ್ಣೆ ಬೇಗ ಹುಳಿಯುತ್ತದೆ. ಒಂದು ರಸ್ತೆಯಲ್ಲಿ ನೂರು ಮರಗಳಿದ್ದು, ಮರಕ್ಕೆ 15 ಕಿ.ಗ್ರಾಂ.ನಂತೆ ಬೀಜ ಸಿಕ್ಕಿದರೆ ಒಂದೂವರೆ ಟನ್ ಆಗುತ್ತದೆ. ಅದರಿಂದ ಸುಮಾರು 375 ಲೀಟರ್ ಎಣ್ಣೆ ಬರಬಹುದು. ಆದರೆ ಬಡಾವಣೆಯ ನಿವಾಸಿಗಳು ಕಾಯಿ ಉದುರುವ ಮುನ್ನವೇ, ಮರಕ್ಕೆ ಪೆಟ್ಟಾಗದಂತೆ, ಬಟ್ಟೆ ಹಾಸಿ ಇಳಿಸಿಕೊಂಡರೆ ಮಾತ್ರ ಈ ಲೆಕ್ಕ ಕೈಗೆ ಹತ್ತುತ್ತದೆ. ರೈತನಿಗೆ ಈ ತೊಡಕಿಲ್ಲ. ಅವನ ಮರ ಅವನ ಕಣ್ಣೆದುರಿಗಿದೆ, ಅವನಿಗೆ ಕಣವೂ ಇದೆ.

ನಗರದ ದೊಡ್ಡ ಕಚ್ಚಾವಸ್ತು ಬೇರೆಯೇ ಇದೆ. ಹೋಟೆಲುಗಳಲ್ಲಿ ಬೋಂಡ, ಪೂರಿ, ವಡೆ ಕರಿದು ಉಳಿದ ಎಣ್ಣೆಯಿಂದಲೂ ಇದೇ ವಿಧಾನದಲ್ಲಿ ಬಯೋಡೀಸೆಲ್ ಆಗುತ್ತದೆ. ಮತ್ತೆ ಮತ್ತೆ ಕಾಯಿಸಿ ಕೆಟ್ಟ ಎಣ್ಣೆಯನ್ನು ಅಡಿಗೆಗೆ ಬಳಸದಂತೆ 2018ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಮಿತಿ ಹಾಕಿ, ಅದನ್ನು ಸಂಗ್ರಹಿಸಿ ಬಯೋಡೀಸೆಲಿಗೆ ಒದಗಿಸುವ ಯೋಜನೆಯನ್ನೂ ಆರಂಭಿಸಿತು. ಬಯೋಡೀಸೆಲ್ ಘಟಕಗಳಿಗೆ ಇದೂ ಒಂದು ಕಚ್ಚಾವಸ್ತುವಾದ್ದರಿಂದ ಹೊಂಗೆ ಬೀಜ ಇದರೊಡನೆ ಪೈಪೋಟಿ ಮಾಡಬೇಕಾಗುತ್ತದೆ. ಬೀಜದ ಗುಣಮಟ್ಟ ಕಾಯ್ದುಕೊಳ್ಳಬೇಕಾದ ಕಾರಣ ಇದರಿಂದ ಇನ್ನೂ ಸ್ಪಷ್ಟ.

ಒಂದು ಲೆಕ್ಕ

ಒಬ್ಬ ರೈತನ ಬದುಗಳಲ್ಲಿ ಫಲ ಬಿಡುವ ಹತ್ತು ಹೊಂಗೆ ಮರಗಳಿವೆ ಎಂದುಕೊಳ್ಳೋಣ. ಮರದ ವಯಸ್ಸು, ತಳಿ, ಮಳೆಗೆ ತಕ್ಕಂತೆ ಇಳುವರಿ ಬಹಳ ಏರುಪೇರಾಗುತ್ತದೆ. ಸರಾಸರಿ ಮರಕ್ಕೆ 20 ಕಿ.ಗ್ರಾಂ. ಬೀಜ ಹಿಡಿದರೆ ಒಟ್ಟು 200 ಕಿ.ಗ್ರಾಂ. ಎಕ್ಸ್‌ಪೆಲ್ಲರಿನಲ್ಲಿ ನಾಲ್ಕು ಕಿ.ಗ್ರಾಂ. ಬೀಜಕ್ಕೆ ಒಂದು ಲೀಟರಿನಂತೆ 50 ಲೀಟರ್ ಎಣ್ಣೆ, ಸುಮಾರು 145 ಕಿ.ಗ್ರಾಂ. ಹಿಂಡಿ ಸಿಗುತ್ತದೆ. ಐದು ಅಶ್ವಶಕ್ತಿಯ ಡೀಸೆಲ್ ಪಂಪ್‌ಸೆಟ್ ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು ಒಂದು ಲೀಟರ್ ಇಂಧನ ಕುಡಿಯುತ್ತದೆ. ಅಂದರೆ ಈ ಎಣ್ಣೆಯೆಲ್ಲ ಬಯೋಡೀಸೆಲ್ ಆದರೂ 50 ಗಂಟೆಯೊಳಗಿನ ನೀರೆತ್ತುವಿಕೆಗೆ ಮಾತ್ರ ಸಾಕು. ಒಂದು ಬೆಳೆಗೆ ಸಂಕಟದ ಸಮಯದಲ್ಲಿ ಎರಡು ಮೂರು ನೀರು ಕೊಡಲು ಇದು ನೆರವಾದೀತು. ವರ್ಷವಿಡೀ ಡೀಸೆಲ್ ಕೊಳ್ಳುವುದನ್ನು ತಪ್ಪಿಸಲಾರದು.

ಹಿಂಡಿಯನ್ನು ಮರೆಯುವಂತಿಲ್ಲ. ಹೊಂಗೆ ಹಿಂಡಿಯಲ್ಲಿ ಸುಮಾರು ಶೇಕಡಾ 4 ಸಾರಜನಕ, ಶೇಕಡಾ 1 ರಂಜಕ, ಶೇಕಡಾ 1ಕ್ಕೂ ಸ್ವಲ್ಪ ಹೆಚ್ಚು ಪೊಟ್ಯಾಷ್ ಇರುತ್ತದೆ. 145 ಕಿ.ಗ್ರಾಂ. ಹಿಂಡಿಯಿಂದ ಮಣ್ಣಿಗೆ ಸೇರುವ ಸಾರಜನಕ ಸುಮಾರು 5.8 ಕಿ.ಗ್ರಾಂ. ಇದು ಸುಮಾರು 12.6 ಕಿ.ಗ್ರಾಂ. ಯೂರಿಯಾಕ್ಕೆ ಸಮ. ಇದಲ್ಲದೆ ಹೊಂಗೆಯಲ್ಲಿರುವ ಕರಂಜಿನ್ ಎಂಬ ಕಹಿ ವಸ್ತು ಮಣ್ಣಿನಲ್ಲಿ ಸಾರಜನಕ ನೈಟ್ರೇಟ್ ಆಗುವುದನ್ನು ನಿಧಾನಗೊಳಿಸುವುದರಿಂದ, ನೀರಿನೊಡನೆ ಬಸಿದು ಹೋಗುವ ಗೊಬ್ಬರ ಕಡಿಮೆಯಾಗುತ್ತದೆ. ಹಿಂಡಿಯನ್ನು ಗೋಬರ್ ಗ್ಯಾಸ್ ತೊಟ್ಟಿಗೆ ಸಗಣಿಯೊಡನೆ ಹಾಕಿದರೆ ಮೊದಲು ಅನಿಲ, ಆಮೇಲೆ ಬಗ್ಗಡದ ರೂಪದಲ್ಲಿ ಗೊಬ್ಬರ, ಎರಡೂ ದೊರೆಯುತ್ತವೆ. ಬೀಜವನ್ನು ಹಾಗೆಯೇ ಮಾರಿದ ರೈತ ಈ ಹಿಂಡಿಯನ್ನು ಕಳೆದುಕೊಳ್ಳುತ್ತಾನೆ. ಹತ್ತಿರದಲ್ಲಿ ಗಾಣವಿದ್ದರೆ ಬೀಜ ಅರೆಸಿ, ಎಣ್ಣೆ ಮಾರಿ, ಹಿಂಡಿಯನ್ನು ತನ್ನ ಹೊಲಕ್ಕೇ ಉಳಿಸಿಕೊಳ್ಳುವುದು ಮೇಲು.

ರೈತರು ಗಮನಿಸಬೇಕಾದ ಅಂಶಗಳು

1. ಕಾಯಿ ಕಂದು ಬಣ್ಣಕ್ಕೆ ತಿರುಗಿ ಒಣಗಿದಾಗ, ಅಶ್ವಿನಿ, ಭರಣಿ ಮಳೆಗಳು ಹಿಡಿಯುವ ಮುನ್ನ ಸಂಗ್ರಹಿಸಬೇಕು. ಮರದ ಕೆಳಗೆ ಗುಡಿಸಿ, ಗೋಣಿ ತಾಟು ಹಾಸಿ, ಕೋಲಿನಿಂದ ಮೆಲ್ಲಗೆ ಉದುರಿಸಿದರೆ ಮಣ್ಣು ಸೇರುವುದಿಲ್ಲ. ಕೊಂಬೆ ಮುರಿದರೆ ಮುಂದಿನ ವರ್ಷದ ಫಸಲಿಗೆ ಪೆಟ್ಟು.

2. ಕಾಯಿಯನ್ನು ಎರಡು ಮೂರು ದಿನ ಬಿಸಿಲಿನಲ್ಲಿ ಒಣಗಿಸಿ, ಬಡಿದು ಬೀಜ ಬಿಡಿಸಿ, ಬೀಜವನ್ನು ಮತ್ತೊಮ್ಮೆ ಒಣಗಿಸಬೇಕು. ತೇವ ಶೇಕಡಾ ಹತ್ತಕ್ಕಿಂತ ಕೆಳಗಿರಬೇಕು. ಬೂಸ್ಟು ಹಿಡಿದ, ಹುಳು ತಿಂದ ಬೀಜಗಳನ್ನು ಬೇರೆ ಮಾಡಬೇಕು.

3. ಬೀಜವನ್ನು ಗೋಣಿಚೀಲದಲ್ಲಿ ತುಂಬಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗಾಳಿಯಾಡುವ ಕಡೆ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೀಜ ಬೆವರುತ್ತದೆ. ಮಳೆಗಾಲಕ್ಕೆ ಮುನ್ನ ಅರೆಸುವುದು ಅಥವಾ ಮಾರುವುದು ಉತ್ತಮ.

4. ಗಾಣದ ಎಣ್ಣೆಯನ್ನು ಟ್ರ್ಯಾಕ್ಟರ್, ಟಿಲ್ಲರ್, ಪಂಪ್‌ಸೆಟ್ಟುಗಳ ಟ್ಯಾಂಕಿಗೆ ನೇರವಾಗಿ ಹಾಕಬಾರದು. ಡೀಸೆಲಿನೊಡನೆ ಬೆರೆಸಿದರೂ ಎಂಜಿನ್ನಿನೊಳಗೆ ಇದ್ದಿಲು ಕಟ್ಟುವುದು ತಪ್ಪುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ.

5. ಬಯೋಡೀಸೆಲ್ ಕೊಳ್ಳುವಾಗ ಅದು ಐ.ಎಸ್. 15607 ಗುಣಮಟ್ಟಕ್ಕೆ ಸೇರಿದ್ದೆಂಬುದಕ್ಕೆ ಆಧಾರ ಕೇಳಬೇಕು. ಅಗ್ಗದ ದ್ರಾವಕಗಳನ್ನು ಬೆರೆಸಿ ಬಯೋಡೀಸೆಲ್ ಎಂಬ ಹೆಸರಿನಲ್ಲಿ ಮಾರುವವರಿದ್ದಾರೆ. ಡೀಸೆಲಿನೊಡನೆ ಎಷ್ಟು ಪಾಲು ಬೆರೆಸಬಹುದೆಂಬುದಕ್ಕೆ ಎಂಜಿನ್ನಿನ ಕೈಪಿಡಿಯೇ ಪ್ರಮಾಣ. ಅದರಲ್ಲಿ ಹೇಳಿರದಿದ್ದರೆ ತಯಾರಕರನ್ನು ವಿಚಾರಿಸದೆ ಬಳಸಬಾರದು.

6. ಬಯೋಡೀಸೆಲ್ ಟ್ಯಾಂಕಿನ ಹಳೆಯ ಮಡ್ಡಿಯನ್ನು ಕರಗಿಸಿ ತರುತ್ತದೆ. ಆದ್ದರಿಂದ ಬಳಸತೊಡಗಿದ ಹೊಸದರಲ್ಲಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಬದಲಿಸಬೇಕು. ಹಳೆಯ ರಬ್ಬರ್ ಕೊಳವೆಗಳು ಮೆತ್ತಗಾಗಬಹುದು, ಆಗಾಗ್ಗೆ ನೋಡುತ್ತಿರಬೇಕು.

7. ಬಯೋಡೀಸೆಲನ್ನು ಮುಚ್ಚಿದ ಡ್ರಮ್ಮಿನಲ್ಲಿ, ನೆರಳಿನಲ್ಲಿ, ನೀರು ಸೇರದಂತೆ ಇಟ್ಟು ಆರು ತಿಂಗಳೊಳಗೆ ಬಳಸಬೇಕು. ತಾಮ್ರ, ಹಿತ್ತಾಳೆ, ಸತುವಿನ ಲೇಪದ ಪಾತ್ರೆಗಳು ಬೇಡ.

8. ಹೊಂಗೆ ಹಿಂಡಿಯನ್ನು ದನಕರುಗಳಿಗೆ ತಿನ್ನಿಸಬಾರದು. ಅದರಲ್ಲಿರುವ ಕಹಿ ವಸ್ತುಗಳು ಜಾನುವಾರುಗಳಿಗೆ ಆಗುವುದಿಲ್ಲ.

9. ಹೊಸದಾಗಿ ನೆಡುವವರು ಬದುಗಳಲ್ಲಿ, ಹಳ್ಳದ ದಡದಲ್ಲಿ, ಬೇಲಿ ಸಾಲಿನಲ್ಲಿ 5ರಿಂದ 6 ಮೀಟರ್ ಅಂತರದಲ್ಲಿ ನೆಡಬಹುದು. ಬೀಜದಿಂದ ಬಂದ ಗಿಡ ಫಲ ಕೊಡಲು ಐದಾರು ವರ್ಷ ಹಿಡಿಯುತ್ತದೆ. ಹೆಚ್ಚು ಫಲ ಬಿಡುವ ಮರದಿಂದ ಕಸಿ ಮಾಡಿದ ಗಿಡ ಇನ್ನೂ ಬೇಗ ಫಲಕ್ಕೆ ಬರುತ್ತದೆ. ಒಳ್ಳೆಯ ಬೆಳೆ ಬರುವ ಹೊಲದ ನಡುವೆ ಹೊಂಗೆ ತೋಪು ಹಾಕುವುದು ಲಾಭದಾಯಕವಲ್ಲ.

ಹೊಂಗೆ ನೆರಳಿಗೆ, ಸೊಪ್ಪಿಗೆ, ದೀಪಕ್ಕೆ ಎಂದು ಹಿಂದಿನವರು ಬೆಳೆಸಿದ ಮರ. ಅದರ ಎಣ್ಣೆಯನ್ನು ಎಂಜಿನ್ನಿಗೆ ಒಗ್ಗುವಂತೆ ಮಾಡುವುದು ಪ್ರಯೋಗಾಲಯದ ಮತ್ತು ಕಾರ್ಖಾನೆಯ ಕೆಲಸ. ಬೀಜವನ್ನು ಒಣಗಿಸಿ, ಕೆಡದಂತೆ ಇಟ್ಟು, ಹಿಂಡಿಯನ್ನು ಮಣ್ಣಿಗೆ ಹಿಂದಿರುಗಿಸುವುದು ರೈತನ ಕೆಲಸ. ಆಸಕ್ತಿಯುಳ್ಳ ರೈತರು ತಮ್ಮ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ರೈತ ಸಂಪರ್ಕ ಕೇಂದ್ರವನ್ನು ಕಂಡು, ಕಸಿ ಗಿಡಗಳು, ಬೀಜದ ಮಾರಾಟ ಮತ್ತು ಎಣ್ಣೆ ತೆಗೆಯುವ ಸೌಲಭ್ಯಗಳ ಬಗ್ಗೆ ವಿಚಾರಿಸಿ ತಿಳಿಯಬಹುದು. ಬೇಸಿಗೆ ಮಳೆ ಬೀಳುವ ಮುನ್ನ ಬದುವಿನ ಹೊಂಗೆಯತ್ತ ಒಮ್ಮೆ ಹೋಗಿ ನೋಡುವುದು ಇದಕ್ಕೆ ಒಳ್ಳೆಯ ಆರಂಭ.